ಮಣ್ಣಿನ ಅಣೆಕಟ್ಟುಗಳು ಮತ್ತು ಕಪಿಲಾ ಕಣಿವೆಯ ಪ್ರವಾಹ ನಿಯಂತ್ರಣ

ಮಣ್ಣಿನ ಅಣೆಕಟ್ಟು ಎಂದರೆ ಹಳ್ಳ, ತೊರೆ ಅಥವಾ ನದಿಗೆ ಅಡ್ಡಲಾಗಿ ಗಟ್ಟಿಸಿದ ಮಣ್ಣಿನಿಂದ ನಿರ್ಮಿಸಿದ ನೀರು ತಡೆಯುವ ಕಟ್ಟೆ. ಕರ್ನಾಟಕದ ಹಳ್ಳಿಗಳಲ್ಲಿ ಕಾಣುವ ಕೆರೆಯ ಏರಿಯು ಇದರ ಅತ್ಯಂತ ಹಳೆಯ ಮತ್ತು ಸರಳ ರೂಪವಾಗಿದೆ. ಮೈಸೂರು ಜಿಲ್ಲೆಯ ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ (ತಿ.ನರಸೀಪುರ) ತಾಲ್ಲೂಕುಗಳು ಕಪಿಲಾ ಅಥವಾ ಕಬಿನಿ ನದಿಯ ಕೆಳಕಣಿವೆಯಲ್ಲಿವೆ. ಇಲ್ಲಿ ಊರ ಹೊರವಲಯದ ಸಣ್ಣ ಕೆರೆಗಳಿಂದ ಹಿಡಿದು ಮೇಲ್ಭಾಗದ ದೊಡ್ಡ ಜಲಾಶಯಗಳವರೆಗೆ ಮಣ್ಣಿನ ಕಟ್ಟೆಗಳೇ ಮಳೆಗಾಲದ ನೀರನ್ನು ಹಿಡಿದು ನಿಲ್ಲಿಸುತ್ತವೆ. ಈ ಕಟ್ಟೆಗಳು ಪ್ರವಾಹವನ್ನು ಯಾವ ಮಟ್ಟಿಗೆ ತಡೆಯಬಲ್ಲವು, ಯಾವ ಹಂತದಲ್ಲಿ ತಡೆಯಲಾರವು ಎಂಬುದನ್ನು ಈ ಲೇಖನ ವಿವರಿಸುತ್ತದೆ.

ಭೌಗೋಳಿಕ ಹಿನ್ನೆಲೆ

ಕಬಿನಿ ನದಿಯು ಕೇರಳದ ವಯನಾಡು ಜಿಲ್ಲೆಯಲ್ಲಿ ಪನಮರಂ ಹಾಗೂ ಮಾನಂದವಾಡಿ ಹೊಳೆಗಳ ಸಂಗಮದಿಂದ ರೂಪುಗೊಂಡು ಪೂರ್ವಕ್ಕೆ ಹರಿದು ಕರ್ನಾಟಕವನ್ನು ಪ್ರವೇಶಿಸುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ ಇದಕ್ಕೆ ಅಣೆಕಟ್ಟು ಕಟ್ಟಲಾಗಿದೆ. ಅಲ್ಲಿಂದ ಮುಂದೆ ನುಗು ನದಿಯನ್ನು ಕೂಡಿಕೊಂಡು ನಂಜನಗೂಡನ್ನು ತಲುಪುತ್ತದೆ. ಗುಂಡ್ಲುಪೇಟೆಯ ಕಡೆಯಿಂದ ಹರಿದು ಬರುವ ಗುಂಡ್ಲುಹೊಳೆಯು ನಂಜನಗೂಡಿನಲ್ಲಿ ಕಬಿನಿಯನ್ನು ಸೇರುತ್ತದೆ. ಸ್ಥಳಪುರಾಣದಲ್ಲಿ ಈ ಹೊಳೆಗೆ ಕೌಂಡಿನ್ಯ ಎಂಬ ಹೆಸರಿದ್ದು, ಸಂಗಮಸ್ಥಾನವನ್ನು ಪರಶುರಾಮ ಕ್ಷೇತ್ರವೆಂದು ಕರೆಯುತ್ತಾರೆ. ಸುತ್ತೂರಿನ ಮೂಲಕ ಮುಂದುವರಿಯುವ ಕಬಿನಿಯು ತಿ.ನರಸೀಪುರದಲ್ಲಿ ಕಾವೇರಿಯೊಡನೆ ಒಂದಾಗುತ್ತದೆ. ಕಾವೇರಿ, ಕಪಿಲಾ ಮತ್ತು ಗುಪ್ತವಾಗಿರುವುದೆಂದು ನಂಬಲಾದ ಸ್ಫಟಿಕ ಸರೋವರ, ಈ ಮೂರರ ಕೂಟದಿಂದ ಊರಿಗೆ ತಿರುಮಕೂಡಲು ಎಂಬ ಹೆಸರು ಬಂದಿದೆ.

ಈ ನದಿಯ ಒಂದು ವಿಶೇಷವನ್ನು ಗಮನಿಸಬೇಕು. ನಂಜನಗೂಡಿನಲ್ಲಿ ಒಂದು ಹನಿ ಮಳೆಯೂ ಬೀಳದ ದಿನದಂದೇ ಅಲ್ಲಿ ಪ್ರವಾಹ ಬರಬಹುದು. ನೈಋತ್ಯ ಮಾರುತದ ಮಳೆಯು ವಯನಾಡಿನ ಬೆಟ್ಟಗಳಲ್ಲಿ ಅಪಾರವಾಗಿ ಸುರಿಯುತ್ತದೆ. ಪೂರ್ವದ ಬಯಲಿಗೆ ಬರುತ್ತಾ ಮಳೆ ಕಡಿಮೆಯಾಗುತ್ತದೆ. ಆದುದರಿಂದ ಈ ಎರಡು ತಾಲ್ಲೂಕುಗಳು ಎರಡು ಬಗೆಯ ನೆರೆಯನ್ನು ಎದುರಿಸುತ್ತವೆ. ಮೊದಲನೆಯದು ಜುಲೈ ಹಾಗೂ ಆಗಸ್ಟ್ ತಿಂಗಳುಗಳಲ್ಲಿ ಮೇಲಿನಿಂದ ಬರುವ ನದಿಯ ಪ್ರವಾಹ. ಎರಡನೆಯದು ಮುಂಗಾರಿಗೆ ಮೊದಲು ಹಾಗೂ ಹಿಂಗಾರಿನ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸ್ಥಳೀಯ ಗುಡುಗು ಮಳೆಯಿಂದ ಹಳ್ಳಕೊಳ್ಳಗಳಲ್ಲಿ ಉಂಟಾಗುವ ಹಠಾತ್ ನೆರೆ. ಮೊದಲನೆಯದನ್ನು ಎದುರಿಸುವುದು ದೊಡ್ಡ ಜಲಾಶಯಗಳ ಕೆಲಸ. ಎರಡನೆಯದನ್ನು ಎದುರಿಸುವುದು ಊರ ಕೆರೆಗಳ ಕೆಲಸ. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದ ಅನೇಕ ತಪ್ಪು ತಿಳಿವಳಿಕೆಗಳು ಹುಟ್ಟುತ್ತವೆ.

ರಚನೆ

ಮಣ್ಣಿನ ಕಟ್ಟೆಯು ತನ್ನ ತೂಕದಿಂದಲೂ ವಿಸ್ತಾರವಾದ ಬುಡದಿಂದಲೂ ನೀರಿನ ಒತ್ತಡವನ್ನು ತಾಳುತ್ತದೆ. ಆದುದರಿಂದಲೇ ಅದರ ಅಡ್ಡಕೊಯ್ತವು ಮೇಲೆ ಕಿರಿದಾಗಿ ಕೆಳಗೆ ಬಹಳ ಅಗಲವಾಗಿರುತ್ತದೆ. ಇದರ ಮುಖ್ಯ ಅಂಗಗಳು ಹೀಗಿವೆ.

ಏರಿ: ನೀರನ್ನು ತಡೆಯುವ ಮಣ್ಣಿನ ದಿಬ್ಬ. ಒಳ್ಳೆಯ ಏರಿಯನ್ನು ತೆಳುವಾದ ಪದರಗಳಲ್ಲಿ ಮಣ್ಣು ಹಾಕಿ, ತಕ್ಕಷ್ಟು ತೇವ ಮಾಡಿ, ಪ್ರತಿ ಪದರವನ್ನೂ ಗಟ್ಟಿಸಿ ಎಬ್ಬಿಸಲಾಗುತ್ತದೆ. ಹಿಂದೆ ಜನ ಹಾಗೂ ಎತ್ತುಗಳ ತುಳಿತದಿಂದ ಈ ಕೆಲಸ ನಡೆಯುತ್ತಿತ್ತು. ಈಗ ರೋಲರ್ ಯಂತ್ರಗಳಿಂದ ನಡೆಯುತ್ತದೆ.

ಜೇಡಿಮಣ್ಣಿನ ತಿರುಳು: ಏರಿಯ ನಡುವೆ ನೀರು ಸುಲಭವಾಗಿ ನುಸುಳದ ಜೇಡಿಮಣ್ಣಿನ ಗೋಡೆಯಿರುತ್ತದೆ. ಅದರ ಎರಡು ಪಕ್ಕಗಳಲ್ಲಿ ಗರಸು ಮೊದಲಾದ ಒರಟು ಮಣ್ಣು ಇರುತ್ತದೆ. ತಿರುಳು ನೀರನ್ನು ತಡೆದರೆ, ಪಕ್ಕದ ಮಣ್ಣು ತಿರುಳನ್ನು ಕುಸಿಯದಂತೆ ಕಾಯುತ್ತದೆ.

ಕಲ್ಲುಕಟ್ಟಣೆ: ನೀರಿನ ಕಡೆಯ ಇಳಿಜಾರಿಗೆ ಹೊದಿಸಿದ ಕಲ್ಲುಗಳು. ಗಾಳಿಯಿಂದ ಏಳುವ ಅಲೆಗಳು ಮಣ್ಣನ್ನು ಕೊರೆಯದಂತೆ ಇವು ತಡೆಯುತ್ತವೆ.

ತೂಬು: ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಬಿಡುವ ದ್ವಾರ.

ಕೋಡಿ: ಹೆಚ್ಚುವರಿ ನೀರು ಹೊರಗೆ ಹರಿದು ಹೋಗಲು ಏರಿಗಿಂತ ತಗ್ಗಿನಲ್ಲಿ ಕಲ್ಲಿನಿಂದ ಕಟ್ಟಿದ ದಾರಿ. ಕೋಡಿಯ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಡುವ ಎತ್ತರವೇ ಮಣ್ಣಿನ ಕಟ್ಟೆಯ ಜೀವರಕ್ಷಣೆ. ಕಲ್ಲಿನ ಅಣೆಯ ಮೇಲೆ ನೀರು ಹರಿದರೂ ಅಣೆ ಉಳಿಯಬಹುದು. ಹುಲ್ಲಹಳ್ಳಿಯ ಬಳಿ ಕಬಿನಿಗೆ ಅಡ್ಡಲಾಗಿರುವ ಹಳೆಯ ಅಣೆಯೂ, ತಿ.ನರಸೀಪುರ ತಾಲ್ಲೂಕಿನ ತಲಕಾಡಿನ ಬಳಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಅಣೆಯೂ ಮೇಲೆ ನೀರು ಹರಿಯಲೆಂದೇ ಕಟ್ಟಿದವುಗಳು. ಮಣ್ಣಿನ ಏರಿಗೆ ಈ ಶಕ್ತಿಯಿಲ್ಲ. ನೀರು ಒಮ್ಮೆ ಅದರ ತಲೆಯನ್ನು ದಾಟಿ ಹರಿಯತೊಡಗಿದರೆ ಹೊರ ಇಳಿಜಾರು ಕೊರೆದು, ಕೆಲವೇ ಗಂಟೆಗಳಲ್ಲಿ ಏರಿ ಒಡೆಯುತ್ತದೆ.

ಕೆರೆ ಕಟ್ಟುವ ವಿದ್ಯೆ ಈ ಭಾಗಕ್ಕೆ ಹೊಸದಲ್ಲ. ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ ವಿಜಯನಗರ ಕಾಲದ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ, ತಪ್ಪಿಸಬೇಕಾದ ಆರು ದೋಷಗಳನ್ನೂ ಹೇಳುತ್ತದೆ.

ಪ್ರವಾಹವನ್ನು ತಗ್ಗಿಸುವ ಬಗೆ

ಅಣೆಕಟ್ಟು ಪ್ರವಾಹವನ್ನು ಇಲ್ಲವಾಗಿಸುವುದಿಲ್ಲ. ಅದನ್ನು ಕಾಲದಲ್ಲಿ ಹರಡುತ್ತದೆ. ಎರಡು ಗಂಟೆಯಲ್ಲಿ ನುಗ್ಗಿ ಬರುವ ನೀರನ್ನು ಹಿಡಿದಿಟ್ಟು ಹತ್ತು ಗಂಟೆಯಲ್ಲಿ ಬಿಟ್ಟರೆ, ಒಟ್ಟು ನೀರು ಅಷ್ಟೇ ಇದ್ದರೂ ಕೆಳಗಿನ ಹಳ್ಳದಲ್ಲಿ ನೀರಿನ ಎತ್ತರ ಕಡಿಮೆಯಾಗುತ್ತದೆ. ಮನೆಗಳು ಮುಳುಗುವುದೂ ಸೇತುವೆ ಕೊಚ್ಚಿಹೋಗುವುದೂ ಹರಿವಿನ ತುದಿಮಟ್ಟದಿಂದಲೇ ಆದ್ದರಿಂದ, ಆ ತುದಿಯನ್ನು ತಗ್ಗಿಸುವುದೇ ಪ್ರವಾಹ ನಿಯಂತ್ರಣದ ಸಾರ.

ಇದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಊರ ಕೆರೆಗೆ 10 ಚದರ ಕಿಲೋಮೀಟರ್ ಜಲಾನಯನ ಪ್ರದೇಶವಿದೆ ಎಂದುಕೊಳ್ಳೋಣ. ಅಲ್ಲಿ ಒಂದು ರಾತ್ರಿ 100 ಮಿಲಿಮೀಟರ್ ಮಳೆಯಾಗಿ, ಅದರಲ್ಲಿ ನೂರಕ್ಕೆ 30 ಭಾಗ ಹರಿದು ಕೆರೆ ಸೇರಿತೆಂದರೆ, ಬಂದ ನೀರು 3 ಲಕ್ಷ ಘನ ಮೀಟರ್ ಆಗುತ್ತದೆ. ಕೆರೆಯ ಅಂಗಳ 1 ಚದರ ಕಿಲೋಮೀಟರ್ ಇದ್ದರೆ ಈ ನೀರೆಲ್ಲ ಸೇರಿ ಅದರ ಮಟ್ಟವನ್ನು ಕೇವಲ 30 ಸೆಂಟಿಮೀಟರ್ ಏರಿಸುತ್ತದೆ. ಕೆರೆಯಲ್ಲಿ ಅಷ್ಟು ಜಾಗವಿದ್ದರೆ ಕೆಳಗಿನ ಊರಿಗೆ ನೆರೆಯೇ ಬರುವುದಿಲ್ಲ. ಕೆರೆ ಮೊದಲೇ ತುಂಬಿದ್ದರೂ, ಕೋಡಿಯ ಮೇಲೆ ನೀರು ಏರಿ ಹರಿಯುವಷ್ಟರಲ್ಲಿ ಒಂದಷ್ಟು ನೀರು ಅಂಗಳದಲ್ಲಿ ಹರಡಿಕೊಂಡು ನೆರೆಯ ತುದಿ ಸ್ವಲ್ಪ ಮಟ್ಟಿಗೆ ತಗ್ಗುತ್ತದೆ.

ಹಳೆಯ ಮೈಸೂರು ಸೀಮೆಯಲ್ಲಿ ಕೆರೆಗಳು ಬಿಡಿಬಿಡಿಯಾಗಿಲ್ಲ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಗಿನದಕ್ಕೆ ಹರಿಯುವಂತೆ ಸರಪಳಿಯಾಗಿ ಕಟ್ಟಲಾಗಿದೆ. ಪ್ರತಿ ಕೆರೆಯೂ ನೆರೆಯನ್ನು ಸ್ವಲ್ಪ ಸ್ವಲ್ಪ ಹೀರಿಕೊಳ್ಳುವುದರಿಂದ ಕೊನೆಗೆ ನದಿಯನ್ನು ಸೇರುವ ಹರಿವು ಸೌಮ್ಯವಾಗಿರುತ್ತದೆ. ಮೈಸೂರು ನಗರದ ದಕ್ಷಿಣ ಭಾಗದ ನೀರು ಕೂಡ ನಂಜನಗೂಡು ರಸ್ತೆಯ ಕಡೆಯ ದಳವಾಯಿ ಕೆರೆಯ ಕಣಿವೆಯ ಮೂಲಕ ಕಬಿನಿಯ ಕಡೆಗೇ ಹರಿಯುತ್ತದೆ.

ಸಣ್ಣ ಕಟ್ಟೆಯ ಮಿತಿ

ನದಿಯ ಹರಿವನ್ನು ಕ್ಯುಸೆಕ್ ಲೆಕ್ಕದಲ್ಲಿ ಹೇಳುವುದು ರೂಢಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಜಲಾಶಯದ ಸಂಗ್ರಹವನ್ನು ಟಿಎಂಸಿ ಅಡಿಗಳಲ್ಲಿ ಹೇಳುತ್ತಾರೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಒಂದು ದಿನದಲ್ಲಿ 86,400 ಸೆಕೆಂಡುಗಳಿರುವುದರಿಂದ, 1 ಲಕ್ಷ ಕ್ಯುಸೆಕ್ ಹರಿವು ಒಂದು ದಿನ ನಡೆದರೆ 8.64 ಟಿಎಂಸಿ ನೀರಾಗುತ್ತದೆ.

ಮೇಲೆ ಹೇಳಿದ ಊರ ಕೆರೆ ಸರಾಸರಿ 3 ಮೀಟರ್ ಆಳವಿದ್ದರೆ ಅದರ ಸಂಗ್ರಹ ಸುಮಾರು 0.1 ಟಿಎಂಸಿ. ಕಪಿಲೆಯಲ್ಲಿ 1 ಲಕ್ಷ ಕ್ಯುಸೆಕ್ ಹರಿಯುತ್ತಿರುವಾಗ ಆ ನೀರನ್ನು ಈ ಬರಿದಾದ ಕೆರೆಗೆ ತಿರುಗಿಸಿದರೂ ಅದು 20 ನಿಮಿಷದೊಳಗೆ ತುಂಬಿಬಿಡುತ್ತದೆ. 5.44 ಟಿಎಂಸಿ ಸಾಮರ್ಥ್ಯದ ನುಗು ಜಲಾಶಯದಷ್ಟು ಜಾಗವಿದ್ದರೆ ಸುಮಾರು 15 ಗಂಟೆ, 19.52 ಟಿಎಂಸಿಯ ಕಬಿನಿ ಜಲಾಶಯದಷ್ಟಿದ್ದರೆ ಎರಡೂಕಾಲು ದಿನ, 49.45 ಟಿಎಂಸಿಯ ಕೃಷ್ಣರಾಜಸಾಗರದಷ್ಟಿದ್ದರೆ ಐದೂಮುಕ್ಕಾಲು ದಿನ ಬೇಕು. ಈ ಲೆಕ್ಕವು ಜಲಾಶಯ ಪೂರ್ತಿ ಖಾಲಿಯಿರುವಾಗಿನದು. ಮಳೆಗಾಲದ ನಡುವೆ ಯಾವ ಜಲಾಶಯವೂ ಖಾಲಿಯಿರುವುದಿಲ್ಲ.

ಆದುದರಿಂದ ಊರ ಕೆರೆಯು ತನ್ನ ಹಳ್ಳದ ನೆರೆಯನ್ನು ಬಹುಮಟ್ಟಿಗೆ ಹಿಡಿಯಬಲ್ಲುದು. ನದಿಯ ನೆರೆಯನ್ನು ಹಿಡಿಯಲಾರದು. ಸಣ್ಣ ಕಟ್ಟೆ ನಿರುಪಯುಕ್ತವೆಂಬ ಮಾತೂ ಸರಿಯಲ್ಲ, ಕೆರೆ ಹೂಳೆತ್ತಿದರೆ ನಂಜನಗೂಡು ಮುಳುಗುವುದಿಲ್ಲವೆಂಬ ಮಾತೂ ಸರಿಯಲ್ಲ.

ಕಬಿನಿ ಜಲಾಶಯದ ಪಾತ್ರ

ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಉದ್ದನೆಯ ಮಣ್ಣಿನ ಏರಿಯ ನಡುವೆ ಕಲ್ಲುಗಾರೆಯ ಕೋಡಿ ಭಾಗವಿದ್ದು, ಅಲ್ಲಿ ಕ್ರಸ್ಟ್ ಗೇಟ್‌ಗಳನ್ನು ಅಳವಡಿಸಲಾಗಿದೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ಜಲಾನಯನ ಪ್ರದೇಶ ಸುಮಾರು 2,142 ಚದರ ಕಿಲೋಮೀಟರ್. ವಯನಾಡಿನಲ್ಲಿ ಇದೇ ಕಣಿವೆಯ ಮೇಲ್ಭಾಗದಲ್ಲಿರುವ ಬಾಣಾಸುರಸಾಗರವು ಭಾರತದ ಅತಿದೊಡ್ಡ ಮಣ್ಣಿನ ಅಣೆಕಟ್ಟೆಂದು ಹೆಸರಾಗಿದೆ. ಅದು ತುಂಬಿ ಗೇಟ್ ತೆರೆದಾಗ ಆ ನೀರೂ ಕಬಿನಿ ಜಲಾಶಯಕ್ಕೆ ಬರುತ್ತದೆ.

ಕಬಿನಿಯ ಮುಖ್ಯ ಉದ್ದೇಶ ನೀರಾವರಿ ಹಾಗೂ ಕುಡಿಯುವ ನೀರು. ಇಲ್ಲಿಯೇ ಅದರ ಇಕ್ಕಟ್ಟಿದೆ. ನೀರಾವರಿಗೆ ಜಲಾಶಯವು ಬೇಗ ತುಂಬಬೇಕು, ತುಂಬಿಯೇ ಇರಬೇಕು. ಪ್ರವಾಹ ತಡೆಯಲು ಅದರಲ್ಲಿ ಜಾಗ ಖಾಲಿಯಿರಬೇಕು. ಮಳೆ ಕೈಕೊಟ್ಟ ವರ್ಷದಲ್ಲಿ ಖಾಲಿ ಬಿಟ್ಟ ಪ್ರತಿ ಅಡಿಯೂ ರೈತನ ಭತ್ತ, ಕಬ್ಬಿನ ನಷ್ಟ. ಮಳೆ ಹೆಚ್ಚಾದ ವರ್ಷದಲ್ಲಿ ತುಂಬಿಟ್ಟ ಪ್ರತಿ ಅಡಿಯೂ ನದಿದಂಡೆಯ ಮನೆಗಳಿಗೆ ಅಪಾಯ. ಇದರ ಮೇಲೆ ಕಾವೇರಿ ನೀರು ಹಂಚಿಕೆಯ ಕಟ್ಟುಪಾಡೂ ಇದೆ. ಸರ್ವೋಚ್ಚ ನ್ಯಾಯಾಲಯದ 2018ರ ಫೆಬ್ರವರಿ 16ರ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಕರ್ನಾಟಕವು ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರನ್ನು ಹರಿಸಬೇಕಾಗಿದೆ. ಹೀಗಾಗಿ ಗೇಟ್ ಯಾವಾಗ, ಎಷ್ಟು ತೆರೆಯಬೇಕೆಂಬುದು ಕೇವಲ ಎಂಜಿನಿಯರಿಂಗ್ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಮಣ್ಣಿನ ಏರಿಯಿರುವ ಜಲಾಶಯದಲ್ಲಿ ಗೇಟ್ ನಿರ್ವಹಿಸುವವರಿಗೆ ಮತ್ತೊಂದು ಬದ್ಧತೆಯಿದೆ. ನೀರು ಗರಿಷ್ಠ ಮಟ್ಟವನ್ನು ತಲುಪಿದ ಮೇಲೆ ಒಳಹರಿವಿನಷ್ಟೇ ಹೊರಹರಿವನ್ನು ಬಿಡಲೇಬೇಕು. ಕೆಳಗಿನ ಊರನ್ನು ಉಳಿಸಲೆಂದು ಗೇಟ್ ಮುಚ್ಚಿ ನೀರನ್ನು ಏರಿಯ ಮೇಲೆ ಹರಿಯಗೊಟ್ಟರೆ ಏರಿಯೇ ಹೋಗುತ್ತದೆ. ಆಗ ಊರು ಉಳಿಯುವ ಮಾತೇ ಇಲ್ಲ.

ಕೆಳಪಾತ್ರದ ಊರುಗಳು ಮತ್ತು ಈಚಿನ ಪ್ರವಾಹಗಳು

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸ್ನಾನಘಟ್ಟದ ಬಳಿಯ ಹದಿನಾರು ಕಾಲು ಮಂಟಪವು ಪಟ್ಟಣದ ಜನರಿಗೆ ನದಿಯ ಅಳತೆಗೋಲಿನಂತಿದೆ. ಮಂಟಪಕ್ಕೆ ನೀರು ಬಂತು, ಮಂಟಪ ಮುಳುಗಿತು ಎಂಬ ಮಾತುಗಳಿಂದಲೇ ನೆರೆಯ ತೀವ್ರತೆಯನ್ನು ಅಳೆಯುವುದುಂಟು. 1735ರಲ್ಲಿ ಕಟ್ಟಲಾದ ಕಲ್ಲಿನ ಹಳೆಯ ಸೇತುವೆ ಕೂಡ ಇಲ್ಲಿಯೇ ಇದ್ದು, ಅನೇಕ ಪ್ರವಾಹಗಳನ್ನು ಕಂಡು ಉಳಿದಿದೆ.

2018ರ ಆಗಸ್ಟ್‌ನಲ್ಲಿ ಕೇರಳವನ್ನು ನಡುಗಿಸಿದ ಮಳೆಯೇ ಕಬಿನಿಯನ್ನೂ ಉಕ್ಕಿಸಿತು. 2019ರ ಆಗಸ್ಟ್‌ನಲ್ಲಿ ಕಬಿನಿ ಜಲಾಶಯದ ಹೊರಹರಿವು 1 ಲಕ್ಷ ಕ್ಯುಸೆಕ್ ದಾಟಿತು. ಈ ಸಂದರ್ಭಗಳಲ್ಲಿ ನಂಜನಗೂಡಿನ ಹಳ್ಳದಕೇರಿ, ತೋಪಿನ ಬೀದಿ, ಸರಸ್ವತಿ ಕಾಲೋನಿ ಮೊದಲಾದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು. ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ರಾಷ್ಟ್ರೀಯ ಹೆದ್ದಾರಿ ಜಲಾವೃತವಾಗಿ ಸಂಚಾರ ನಿಂತಿತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಭೀಕರ ಭೂಕುಸಿತ ಸಂಭವಿಸಿತು. ಕುಸಿತವಾದ ಕಣಿವೆಯ ನೀರು ಪಶ್ಚಿಮಕ್ಕೆ ಚಾಲಿಯಾರ್ ನದಿಗೆ ಹರಿಯುತ್ತದೆಯಾದರೂ, ಅದೇ ಮಳೆ ಪೂರ್ವದ ಕಬಿನಿಯನ್ನೂ ತುಂಬಿಸಿ ನಂಜನಗೂಡಿನ ರಸ್ತೆಯನ್ನು ಮತ್ತೊಮ್ಮೆ ಮುಳುಗಿಸಿತು.

ತಿ.ನರಸೀಪುರದ ಸಮಸ್ಯೆ ಸ್ವಲ್ಪ ಬೇರೆ. ಅಲ್ಲಿ ಎರಡು ನದಿಗಳು ಕೂಡುತ್ತವೆ. ಕೃಷ್ಣರಾಜಸಾಗರದಿಂದಲೂ ಕಬಿನಿಯಿಂದಲೂ ಒಂದೇ ಹೊತ್ತಿನಲ್ಲಿ ಹೆಚ್ಚು ನೀರು ಬಿಟ್ಟರೆ, ಉಕ್ಕಿದ ಕಾವೇರಿಯು ಕಪಿಲೆಯ ನೀರನ್ನು ಮುಂದೆ ಹೋಗಗೊಡದೆ ಹಿಂದಕ್ಕೆ ಒತ್ತುತ್ತದೆ. ಗುಂಜಾ ನರಸಿಂಹಸ್ವಾಮಿ ದೇವಾಲಯದ ಮುಂದಿನ ಸೋಪಾನಗಳು, ಸಂಗಮದ ದಂಡೆಯ ತೋಟಗಳು ಆಗ ನೀರಿನಲ್ಲಿರುತ್ತವೆ. ಅದೇ ನೀರು ತಲಕಾಡನ್ನು ದಾಟಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಅಣಗಳ್ಳಿ, ಹಳೇ ಹಂಪಾಪುರ ಮೊದಲಾದ ಗ್ರಾಮಗಳನ್ನು ಮುತ್ತುತ್ತದೆ. ಆದುದರಿಂದ ಎರಡು ಜಲಾಶಯಗಳ ಗೇಟ್ ನಿರ್ವಹಣೆಯಲ್ಲಿ ಹೊಂದಾಣಿಕೆ ಇರುವುದು ಇಲ್ಲಿ ಬಹು ಮುಖ್ಯ. ತಿ.ನರಸೀಪುರದಲ್ಲಿ ಕೇಂದ್ರ ಜಲ ಆಯೋಗವು ಕಬಿನಿಯ ಮಟ್ಟ ಅಳೆಯುವ ಕೇಂದ್ರವನ್ನು ಹೊಂದಿದೆ.

ಮಣ್ಣಿನ ಕಟ್ಟೆ ಒಡೆಯುವ ಕಾರಣಗಳು

ನೀರು ತಲೆ ದಾಟುವುದು: ಕೋಡಿ ಸಣ್ಣದಾದರೆ ಅಥವಾ ಮುಚ್ಚಿಹೋದರೆ ಹೀಗಾಗುತ್ತದೆ. ಮೀನುಗಾರಿಕೆಗೋ ಹೆಚ್ಚು ನೀರು ನಿಲ್ಲಲೆಂದೋ ಕೋಡಿಗೆ ಮರಳುಚೀಲ ಒಟ್ಟುವುದು ಕೆಲವೆಡೆ ರೂಢಿಯಲ್ಲಿದೆ. ಕೋಡಿಯ ಮೇಲೆ ಹರಿಯುವ ನೀರಿನ ಆಳ ಅರ್ಧಕ್ಕಿಳಿದರೆ ಹೊರಹೋಗುವ ನೀರು ಅರ್ಧವಾಗುವುದಿಲ್ಲ, ಸುಮಾರು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಗುಜರಾತಿನ ಮೋರ್ಬಿಯ ಬಳಿ 1979ರ ಆಗಸ್ಟ್ 11ರಂದು ಮಚ್ಛು ಎರಡನೆಯ ಅಣೆಕಟ್ಟು ಒಡೆದಾಗ, ಕಲ್ಲಿನ ಕೋಡಿ ಭಾಗ ಉಳಿದು ಎರಡು ಪಕ್ಕದ ಮಣ್ಣಿನ ಏರಿಗಳೇ ಕೊಚ್ಚಿಹೋದವು. ಸಾವಿರಾರು ಜನ ಪ್ರಾಣ ಕಳೆದುಕೊಂಡರು.

ಒಳಸೋರಿಕೆ: ಏರಿಯೊಳಗಿನಿಂದ ನೀರು ಜಿನುಗುವುದು ಸಹಜ. ಆದರೆ ಆ ನೀರು ಕೆಸರುಬಣ್ಣಕ್ಕೆ ತಿರುಗಿದರೆ ಒಳಗಿನ ಮಣ್ಣು ಕೊರೆದು ಹೋಗುತ್ತಿದೆ ಎಂದರ್ಥ. ಇಲಿ, ಏಡಿಗಳ ಬಿಲ, ಗೆದ್ದಲ ಹುತ್ತ, ಸತ್ತ ಮರದ ಬೇರು ಕೊಳೆತ ದಾರಿ, ತೂಬಿನ ಪಕ್ಕದ ಬಿರುಕು, ಇವು ಇಂತಹ ಸೋರಿಕೆಗೆ ಎಡೆಮಾಡುತ್ತವೆ.

ಇಳಿಜಾರು ಕುಸಿತ: ತುಂಬಿದ ಕೆರೆಯನ್ನು ಒಮ್ಮೆಗೇ ಖಾಲಿ ಮಾಡಿದರೆ, ಏರಿಯೊಳಗೆ ಉಳಿದ ನೀರಿನ ಭಾರದಿಂದ ಒಳಬದಿಯ ಇಳಿಜಾರು ಜಾರುತ್ತದೆ.

ಸರಪಳಿ ಒಡೆತ: ಮೇಲಿನ ಒಂದು ಕೆರೆ ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಕೆರೆಗೆ ನುಗ್ಗುತ್ತದೆ. ಆಗ ನೆರೆಯನ್ನು ತಗ್ಗಿಸಬೇಕಾದ ವ್ಯವಸ್ಥೆಯೇ ನೆರೆಯನ್ನು ಹೆಚ್ಚಿಸುತ್ತದೆ.

ನಿರ್ವಹಣೆ ಮತ್ತು ಕಾನೂನು

ಹಿಂದೆ ಪ್ರತಿ ದೊಡ್ಡ ಕೆರೆಗೂ ನೀರುಗಂಟಿ ಇರುತ್ತಿದ್ದನು. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಏರಿಯ ಮೇಲೆ ನಿತ್ಯವೂ ನಡೆದಾಡುವ ಅವನ ಕಣ್ಣಿಗೆ ಹೊಸ ಬಿಲವಾಗಲಿ ಒಸರುವ ನೀರಾಗಲಿ ಬೀಳದೆ ಇರುತ್ತಿರಲಿಲ್ಲ. ಆ ವ್ಯವಸ್ಥೆ ಕ್ಷೀಣಿಸಿದ ಮೇಲೆ ಮಣ್ಣಿನ ಕಟ್ಟೆಗಳನ್ನು ದಿನವೂ ನೋಡುವವರು ಕಡಿಮೆಯಾಗಿದ್ದಾರೆ.

ಕರ್ನಾಟಕದಲ್ಲಿ 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟುಳ್ಳ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೂ, ಅದಕ್ಕಿಂತ ಚಿಕ್ಕವು ಪಂಚಾಯತಿ ವ್ಯವಸ್ಥೆಗೂ ಸೇರುತ್ತವೆ. ಸಂಸತ್ತು ಅಂಗೀಕರಿಸಿದ 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು 15 ಮೀಟರ್‌ಗಿಂತ ಎತ್ತರದ ಅಣೆಕಟ್ಟುಗಳಿಗೂ, ಕೆಲವು ಷರತ್ತುಗಳನ್ನು ಪೂರೈಸುವ 10ರಿಂದ 15 ಮೀಟರ್ ಎತ್ತರದವುಗಳಿಗೂ ಅನ್ವಯಿಸುತ್ತದೆ. ಹಳ್ಳಿಯ ಕೆರೆಗಳ ಏರಿಗಳು ಸಾಮಾನ್ಯವಾಗಿ ಇದಕ್ಕಿಂತ ತಗ್ಗಾಗಿರುವುದರಿಂದ ಅವು ಈ ಕಾನೂನಿನ ಹೊರಗೇ ಉಳಿಯುತ್ತವೆ. ಅವುಗಳ ಸುರಕ್ಷತೆ ಸ್ಥಳೀಯ ಎಚ್ಚರವನ್ನೇ ಅವಲಂಬಿಸಿದೆ.

ಕಬಿನಿಯ ನೀರನ್ನು ನಂಜನಗೂಡು ತಾಲ್ಲೂಕಿನ ಆಲಂಬೂರಿನಿಂದ ಏತದ ಮೂಲಕ ಎತ್ತಿ ಬರದ ಸೀಮೆಯ ಕೆರೆಗಳಿಗೆ ತುಂಬಿಸುವ ಯೋಜನೆ ಅಂತರ್ಜಲಕ್ಕೂ ಕೃಷಿಗೂ ನೆರವಾಗಿದೆ. ಇಂತಹ ಕೆರೆಗಳು ಹಿಂಗಾರು ಮಳೆಯ ವೇಳೆಗೆ ತುಂಬಿದ್ದರೆ ಹೊಸ ನೀರಿಗೆ ಜಾಗವಿರುವುದಿಲ್ಲ. ಅನೇಕ ವರ್ಷ ಒಣಗಿದ್ದ ಏರಿಗಳಲ್ಲಿ ಬಿರುಕು, ಬಿಲಗಳೂ ಹೆಚ್ಚಾಗಿರುತ್ತವೆ. ಆದುದರಿಂದ ಕೆರೆ ತುಂಬಿಸುವ ಮೊದಲು ಏರಿ ಹಾಗೂ ಕೋಡಿಯ ಪರೀಕ್ಷೆ ಅಗತ್ಯ.

ಊರು ಬೆಳೆದಂತೆ ಕೆರೆಯ ಪರಿಸರವೂ ಬದಲಾಗುತ್ತದೆ. ಮೇಲ್ಭಾಗದ ಹೊಲಗಳು ಬಡಾವಣೆಗಳಾದಾಗ ಮಳೆನೀರು ನೆಲಕ್ಕೆ ಇಂಗದೆ ಹೆಚ್ಚಾಗಿಯೂ ವೇಗವಾಗಿಯೂ ಕೆರೆಗೆ ಬರುತ್ತದೆ. ಕೆಳಭಾಗದಲ್ಲಿ ಕೋಡಿಹಳ್ಳ ಒತ್ತುವರಿಯಾದರೆ ಆ ನೀರಿಗೆ ಹೋಗುವ ದಾರಿಯಿಲ್ಲದಾಗುತ್ತದೆ. ಕೆಲವು ವರ್ಷ ಕೋಡಿ ಹರಿಯದಿದ್ದರೆ ಆ ಹಳ್ಳವನ್ನು ಬೀಳುಭೂಮಿಯೆಂದು ಭಾವಿಸಿ ಮನೆ ಕಟ್ಟುವುದುಂಟು. ಜಲಾಶಯ ಕಟ್ಟಿದ ಮೇಲೆ ನದಿದಂಡೆಯಲ್ಲಿಯೂ ಹೀಗೆಯೇ ಆಗುತ್ತದೆ. ಸಣ್ಣಪುಟ್ಟ ನೆರೆಗಳು ನಿಂತುಹೋದುದರಿಂದ ದಂಡೆ ಸುರಕ್ಷಿತವೆಂಬ ನಂಬಿಕೆ ಬೆಳೆದು ವಸತಿಗಳು ನದಿಯ ಹತ್ತಿರಕ್ಕೆ ಸರಿಯುತ್ತವೆ. ಮುಂದೆ ದೊಡ್ಡ ನೆರೆ ಬಂದಾಗ ಹಾನಿ ಮೊದಲಿಗಿಂತ ಹೆಚ್ಚಾಗುತ್ತದೆ.

ಹೀಗೆ ಕಪಿಲಾ ಕಣಿವೆಯಲ್ಲಿ ಪ್ರವಾಹ ನಿಯಂತ್ರಣವು ಒಂದೇ ಕಟ್ಟೆಯಿಂದ ಸಾಧ್ಯವಾಗುವಂಥದಲ್ಲ. ದೊಡ್ಡ ಜಲಾಶಯದಲ್ಲಿ ಸಕಾಲಿಕ ಗೇಟ್ ನಿರ್ವಹಣೆ, ಊರ ಕೆರೆಯಲ್ಲಿ ಗಟ್ಟಿಯಾದ ಏರಿ ಹಾಗೂ ತೆರವಾದ ಕೋಡಿ, ನದಿಯ ತಗ್ಗಿನಲ್ಲಿ ಮನೆ ಕಟ್ಟದಿರುವ ವಿವೇಕ, ನೀರು ಬರುವ ಮೊದಲೇ ಜನರಿಗೆ ಮುಟ್ಟುವ ಮುನ್ನೆಚ್ಚರಿಕೆ, ಈ ನಾಲ್ಕೂ ಸೇರಿದಾಗ ಮಾತ್ರ ನೆರೆಯ ಹಾನಿ ತಗ್ಗುತ್ತದೆ.